ನಾಲ್ಕು ಮನೆ ದಾಟಿ ಬಂದ ಶೋಲಕಿಳಿ

ಬಿಳಿಗಿರಿರಂಗನ ಬೆಟ್ಟದ ಕಾನಿನೊಳಗೆ ಅಂಗೈಯಗಲದ ನೀಲಿ ಹಕ್ಕಿಯೊಂದಿದೆ. ನೂರ ಎಪ್ಪತ್ತು ವರ್ಷ ವಿಜ್ಞಾನಿಗಳು ಅದನ್ನು ಕಂಡವರ ಮನೆಯಲ್ಲೇ ಕೂರಿಸಿದರು. 2017ರಲ್ಲಿ ಅದಕ್ಕೊಂದು ಸ್ವಂತ ಮನೆ ಸಿಕ್ಕಿತು. ಆ ಮನೆಯ ಹೆಸರಿನಲ್ಲೇ ನಮ್ಮ ಕಾಡಿದೆ.

ಯಳಂದೂರು ಬಿಟ್ಟಾಗ ಸೆಖೆ. ಗುಂಬಳ್ಳಿ ಚೆಕ್‌ಪೋಸ್ಟ್ ದಾಟಿ ತಿರುವುಗಳನ್ನು ಏರುತ್ತ ಹೋದಂತೆ ಗಾಳಿ ತಣ್ಣಗಾಯಿತು. ಒಂದು ಹಂತದಲ್ಲಿ ಜೀಪಿನ ಕಿಟಕಿ ಏರಿಸಿಕೊಂಡೆವು. ಅದು ಸಂಜೆಯ ಮಾತು. ಮರುದಿನ ಬೆಳಿಗ್ಗೆ ಆರು ಗಂಟೆಗೆ, ಕಾಫಿ ತೋಟಕ್ಕೆ ಹೋಗುವ ಹಾದಿಯ ತಿರುವೊಂದರಲ್ಲಿ ನಿಂತಾಗ, ನಾಲ್ಕು ಮಾರು ಆಚೆ ಏನೂ ಕಾಣುತ್ತಿರಲಿಲ್ಲ. ಮುಂಗಾರಿನ ಮೊದಲ ಮಂಜು.

ಮರಗಳಿಂದ ಹನಿ ತೊಟ್ಟಿಕ್ಕುವ ಸದ್ದು ಬಿಟ್ಟರೆ ಮೌನ. ಅಷ್ಟರಲ್ಲಿ ರಸ್ತೆ ಬದಿಯ ಕಾನಿನೊಳಗಿಂದ ಒಂದು ಸಿಳ್ಳು ಬಂತು. ತೆಳ್ಳಗೆ, ಎತ್ತರದ ಸ್ವರದಲ್ಲಿ ಏರಿ, ಮಧ್ಯೆ ಗರಗಸ ಎಳೆದಂತೆ ಒಂದಿಷ್ಟು ಕರಕರ, ಮತ್ತೆ ಸಿಳ್ಳು. ಹಾಡುತ್ತಿರುವುದು ಕೊಂಬೆಯ ಮೇಲಲ್ಲ, ನೆಲದ ಹತ್ತಿರವೆಲ್ಲೋ.

ಇಲ್ಲಿ ಕಿವಿಯನ್ನು ಪೂರ್ತಿ ನಂಬುವಂತಿಲ್ಲ. ಬಾಲದಲ್ಲಿ ಎರಡು ಚಮಚ ತೂಗುಬಿಟ್ಟಂತೆ ಹಾರುವ ಭೀಮರಾಜ ಇದೇ ಕಾಡಿನವನು. ಹತ್ತಾರು ಹಕ್ಕಿಗಳ ದನಿಯನ್ನು ಅಚ್ಚುಹೊಯ್ದಂತೆ ಅನುಕರಿಸುತ್ತಾನೆ. ಸಂಶೋಧಕಿ ಸಮೀರಾ ಅಗ್ನಿಹೋತ್ರಿ ಇದೇ ಬೆಟ್ಟದಲ್ಲಿ ವರ್ಷಗಟ್ಟಲೆ ಕೂತು ಅವನ ಅನುಕರಣೆಯನ್ನು ಅಧ್ಯಯನ ಮಾಡಿದ್ದಾರೆ. ಹಾಗಾಗಿ ಹಾಡಿದವರ ಮುಖ ನೋಡದೆ ಹೆಸರು ಬರೆದುಕೊಳ್ಳುವ ಹಾಗಿಲ್ಲ. ಕಾದೆವು.

ಕಾಲು ಗಂಟೆ ಕಳೆಯಿತು. ಪಾಚಿಗಟ್ಟಿದ ದಿಬ್ಬದ ಕೆಳಗೆ ಒಂದು ತರಗೆಲೆ ತನ್ನಷ್ಟಕ್ಕೆ ಮಗುಚಿತು. ಅದರ ಹಿಂದೆ ಉದ್ದ ಕಾಲಿನ ಮೇಲೆ ಒಂದು ಪುಟ್ಟ ಹಕ್ಕಿ ನಿಂತಿತ್ತು. ಬೆನ್ನು, ತಲೆ, ಎದೆ ಸ್ಲೇಟಿನ ನೀಲಿ. ಹೊಟ್ಟೆಯ ಇಕ್ಕೆಲಕ್ಕೆ ಇಟ್ಟಿಗೆ ಪುಡಿ ಸವರಿದಂತೆ ಕೆಂಚು, ನಡುವೆ ಬಿಳಿ. ಹುಬ್ಬಿನ ಜಾಗದಲ್ಲಿ ಸುಣ್ಣದ ಕಡ್ಡಿ ತಾಗಿಸಿದಷ್ಟು ಬಿಳುಪು. ಎರಡು ಸಲ ಕುಪ್ಪಳಿಸಿತು, ಬಾಲ ಎತ್ತಿತು, ಏನನ್ನೋ ಹೆಕ್ಕಿ ಮತ್ತೆ ಕತ್ತಲೆಗೆ ಸೇರಿತು. ಒಟ್ಟು ಹತ್ತು ಸೆಕೆಂಡೂ ಇರಲಿಲ್ಲ.

ಅದೇ ನೀಲಗಿರಿ ಶೋಲಕಿಳಿ.

ಹಿತ್ತಲಿನ ನೆಂಟ

ಹೆಸರು ಕೇಳಿ ಯಾವುದೋ ದೂರದ ಅಪರಿಚಿತ ಎಂದುಕೊಳ್ಳಬೇಕಿಲ್ಲ. ಕೊಳ್ಳೇಗಾಲದ ಹಿತ್ತಲುಗಳಲ್ಲಿ, ತೆಂಗಿನ ತೋಟಗಳಲ್ಲಿ ಬೆಳಗಿನ ಜಾವ ಬಾಯ್ತುಂಬ ಹಾಡುವ ಕಪ್ಪು ಬಿಳಿ ಮಡಿವಾಳ ಹಕ್ಕಿ ಗೊತ್ತಲ್ಲ, ಅದರ ದೊಡ್ಡ ಕುಟುಂಬಕ್ಕೇ ಇದೂ ಸೇರಿದ್ದು. ಮಸ್ಸಿಕ್ಯಾಪಿಡೆ, ಅಂದರೆ ನೊಣಹಿಡುಕಗಳ ಕುಟುಂಬ. ಮುನ್ನೂರಕ್ಕೂ ಹೆಚ್ಚು ಪ್ರಭೇದಗಳಿರುವ ತುಂಬು ಮನೆ ಅದು.

ಆದರೆ ಸ್ವಭಾವದಲ್ಲಿ ಅಜಗಜಾಂತರ. ಮಡಿವಾಳ ಕಂಬದ ತುದಿಯಲ್ಲಿ ಕೂತು ಊರಿಗೆಲ್ಲ ಕೇಳುವಂತೆ ಹಾಡುತ್ತದೆ. ಶೋಲಕಿಳಿ ಬಿಸಿಲಿಗೆ ಬರುವುದೇ ಅಪರೂಪ. ಅದಕ್ಕೆ ಬೇಕಾದದ್ದು ಎತ್ತರದ ಬೆಟ್ಟದ ಮಡಿಲಿನ ಶೋಲ ಕಾಡು: ಗಿಡ್ಡ ಮರಗಳು ಒತ್ತಾಗಿ ಹೆಣೆದುಕೊಂಡು, ಕೊಂಬೆಗೆಲ್ಲ ಪಾಚಿ ಹತ್ತಿ, ನೆಲದಲ್ಲಿ ಒದ್ದೆ ಎಲೆಗಳ ಹಾಸು ಇರುವ ಜಾಗ. ಸುತ್ತಲಿನ ದಿಣ್ಣೆಗಳಲ್ಲಿ ಹುಲ್ಲುಗಾವಲು, ಹಳ್ಳದ ಗುಂಟ ಶೋಲ.

ಬಿಳಿಗಿರಿರಂಗನ ಬೆಟ್ಟಸಾಲು ಸುಮಾರು 600 ಮೀಟರಿನಿಂದ ಶುರುವಾಗಿ ಕಟ್ಟಾರಿ ಬೆಟ್ಟದಲ್ಲಿ 1800 ಮೀಟರ್ ಮುಟ್ಟುತ್ತದೆ. ತಪ್ಪಲಲ್ಲಿ ಮುಳ್ಳುಗಾಡು, ಮೇಲೆ ಹೋದಂತೆ ಎಲೆಯುದುರುವ ಕಾಡು, ನೆತ್ತಿಯ ಹತ್ತಿರ ಮಾತ್ರ ಹುಲ್ಲು ಮತ್ತು ಶೋಲ. ಇಡೀ ಬೆಟ್ಟದಲ್ಲಿ ಶೋಲಕಿಳಿಗೆ ಒಗ್ಗುವುದು ಆ ನೆತ್ತಿಯ ತುಣುಕುಗಳೇ. ಪೂರ್ವಕ್ಕೆ ಲೊಕ್ಕನಹಳ್ಳಿ, ಹನೂರು ಕಡೆಗೆ ಇಳಿದರೆ ಮತ್ತೆ ಒಣಗಾಡು. ದಕ್ಷಿಣಕ್ಕೆ ನೀಲಗಿರಿ ಕಾಣುವಷ್ಟು ದೂರದಲ್ಲಿದ್ದರೂ ನಡುವೆ ಮೋಯಾರ್ ಕಣಿವೆಯ ಬಿಸಿಲು. ಆನೆ ಇದನ್ನೆಲ್ಲ ದಾಟುತ್ತದೆ. ಗಿಡ್ಡ ರೆಕ್ಕೆಯ, ನೆರಳು ಬಿಟ್ಟು ಕದಲದ ಹಕ್ಕಿಗೆ ಅದು ಸಮುದ್ರವಿದ್ದಂತೆ. ಇಂಥ ನೆತ್ತಿಗಳನ್ನು ವಿಜ್ಞಾನಿಗಳು ಆಕಾಶದ್ವೀಪಗಳು ಎನ್ನುತ್ತಾರೆ. ನನಗೆ ಇದು ಬರೀ ಅಲಂಕಾರದ ಮಾತೆನಿಸುವುದಿಲ್ಲ. ಅಲ್ಲಿ ನಿಂತು ಕೆಳಗಿನ ಬಯಲು ಮಂಜಿನಲ್ಲಿ ಮುಳುಗಿರುವುದನ್ನು ನೋಡಿದವರಿಗೆ ದ್ವೀಪವೇ ಕಾಣುತ್ತದೆ.

| ಗುರುತು ಸಿಗುವುದು ಹೀಗೆ |
|---|
| ಉದ್ದ ಸುಮಾರು 15 ಸೆಂ.ಮೀ., ಗುಬ್ಬಚ್ಚಿಯಷ್ಟೇ. ಕಾಲು ಉದ್ದ, ಬಾಲ ಮೋಟು. ಗಂಡು ಹೆಣ್ಣು ನೋಡಲು ಒಂದೇ. ಆಹಾರ ಹೆಚ್ಚಾಗಿ ನೆಲದ ಹುಳಹುಪ್ಪಟೆ. ಏಪ್ರಿಲ್–ಜೂನ್ ಮರಿ ಮಾಡುವ ಕಾಲ. ಮರದ ಪೊಟರೆ ಅಥವಾ ದಿಬ್ಬದ ಬಿಲದಲ್ಲಿ ಪಾಚಿ, ನಾರುಬೇರು ಹಾಸಿದ ಗೂಡು. ಸಾಮಾನ್ಯವಾಗಿ ಎರಡೇ ಮೊಟ್ಟೆ. |

ಡಾಕ್ಟರ್ ಕೊಟ್ಟ ಹೆಸರು

ಈ ಹಕ್ಕಿಯ ಕಾಗದಪತ್ರದ ಬದುಕು ಶುರುವಾಗುವುದು ನೀಲಗಿರಿಯಲ್ಲಿ. ಮದ್ರಾಸ್ ಸೈನ್ಯದಲ್ಲಿ ವೈದ್ಯನಾಗಿದ್ದ ಥಾಮಸ್ ಕ್ಯಾವರ್‌ಹಿಲ್ ಜೆರ್ಡನ್‌ಗೆ ರೋಗಿಗಳಷ್ಟೇ ಹಕ್ಕಿಗಳ ಮೇಲೂ ಪ್ರೀತಿ. ದಕ್ಷಿಣ ಭಾರತದ ಎಷ್ಟೋ ಹಕ್ಕಿಗಳಿಗೆ ಮೊದಲ ವೈಜ್ಞಾನಿಕ ವಿವರಣೆ ಬರೆದವನು ಅವನು. 1840ರ ದಶಕದಲ್ಲಿ ಈ ನೀಲಿ ಹಕ್ಕಿಗೆ ಅವನಿಟ್ಟ ಹೆಸರು ಫೀನಿಕ್ಯೂರಾ ಮೇಜರ್. ಹೊಟ್ಟೆಯ ಕೆಂಚು ಕಂಡು, ಚಳಿಗಾಲದಲ್ಲಿ ನಮ್ಮ ಹೊಲಗಳಿಗೂ ವಲಸೆ ಬರುವ ಕೆಂಬಾಲದ ಹಕ್ಕಿಗಳ ಮನೆಗೆ ಸೇರಿಸಿದ. ಮೇಜರ್ ಅಂದರೆ ಲ್ಯಾಟಿನ್ನಿನಲ್ಲಿ ‘ದೊಡ್ಡದು’. ಅಂಗೈಯಗಲದ ಜೀವಕ್ಕೆ ದೊಡ್ಡದೆಂಬ ಬಿರುದು ಅಂದಿನಿಂದ ಅಂಟಿಕೊಂಡಿದೆ.

ಹೆಸರಿಡುವ ನಿಯಮ ಹಾಗೇ ಇದೆ. ವೈಜ್ಞಾನಿಕ ಹೆಸರಿನ ಮೊದಲ ಪದ ಕುಲದ್ದು, ಅಂದರೆ ಮನೆತನದ್ದು. ಎರಡನೆಯದು ಪ್ರಭೇದದ್ದು. ಮನೆತನ ತಪ್ಪೆಂದು ತಿಳಿದಾಗ ಮೊದಲ ಪದ ಬದಲಾಗುತ್ತದೆ, ಎರಡನೆಯದು ಉಳಿಯುತ್ತದೆ. ಜೆರ್ಡನ್ ಬರೆದ ‘ಮೇಜರ್’ ಇವತ್ತಿಗೂ ಇರುವುದು ಅದಕ್ಕೇ.

ಮನೆತನ ಮಾತ್ರ ಬದಲಾಗುತ್ತಲೇ ಹೋಯಿತು. ಕೆಂಬಾಲಗಳ ಮನೆ ಸರಿಹೊಂದಲಿಲ್ಲವೆಂದು ಕ್ಯಾಲೀನ್ ಎಂಬ ಕುಲಕ್ಕೆ ಹೋಯಿತು. 1868ರಲ್ಲಿ ಭೂವಿಜ್ಞಾನಿ ವಿಲಿಯಂ ಬ್ಲಾನ್‌ಫರ್ಡ್ ಪಳನಿ ಬೆಟ್ಟದಲ್ಲಿ ಇದರ ಸೋದರನಂಥ, ಕೆಂಚಿಲ್ಲದ ಹಕ್ಕಿಯನ್ನು ವಿವರಿಸಿದ. ಅದನ್ನೂ ಅದೇ ಮನೆಗೆ ಸೇರಿಸಿದ. ಆಮೇಲೆ ಎರಡನ್ನೂ ಬ್ರಾಕಿಪ್ಟೆರಿಕ್ಸ್ ಎಂಬ ಕುಲಕ್ಕೆ ವರ್ಗ ಮಾಡಲಾಯಿತು. ಹಿಮಾಲಯ ಮತ್ತು ಆಗ್ನೇಯ ಏಷ್ಯಾದ ಗಿಡ್ಡರೆಕ್ಕೆ ಹಕ್ಕಿಗಳ ಮನೆ ಅದು. ಇಪ್ಪತ್ತನೆಯ ಶತಮಾನ ಪೂರ್ತಿ ನಮ್ಮ ಹಕ್ಕಿ ಇದ್ದದ್ದು ಅಲ್ಲಿಯೇ. ಸಲೀಂ ಅಲಿ ಮತ್ತು ಡಿಲ್ಲನ್ ರಿಪ್ಲೆ ಅವರ ಹತ್ತು ಸಂಪುಟದ ಕೈಪಿಡಿಯಲ್ಲೂ ಅದು ಗಿಡ್ಡರೆಕ್ಕೆಯೇ. ಎರಡು ಸೋದರ ಹಕ್ಕಿಗಳು ಅಲ್ಲಿ ಬೇರೆ ಬೇರೆಯಲ್ಲ, ಒಂದೇ ಪ್ರಭೇದದ ಎರಡು ಉಪಜಾತಿ.

ಹೊನ್ನಮೆಟ್ಟಿಯ ಅತಿಥಿ

ಸಲೀಂ ಅಲಿ ಅವರಿಗೆ ಈ ಬೆಟ್ಟ ಪುಸ್ತಕದ ಪರಿಚಯವಷ್ಟೇ ಆಗಿರಲಿಲ್ಲ. 1939–40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿ ಸಮೀಕ್ಷೆ ನಡೆಸಿದಾಗ ಅವರು ಬಿಳಿಗಿರಿರಂಗನ ಬೆಟ್ಟಕ್ಕೂ ಬಂದರು. ಇಲ್ಲಿ ಹೊನ್ನಮೆಟ್ಟಿ ಕಾಫಿ ತೋಟದ ಆರ್. ಸಿ. ಮಾರಿಸ್ ಇದ್ದರು. ತಂದೆ ಕಟ್ಟಿದ್ದು ಅತ್ತಿಕಾನೆ ತೋಟ, ಮಗನದ್ದು ಹೊನ್ನಮೆಟ್ಟಿ. ಬಂದೂಕು ಹಿಡಿದ ಕೈಯಲ್ಲೇ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಗೆ ಟಿಪ್ಪಣಿಗಳನ್ನೂ ಬರೆಯುತ್ತಿದ್ದವರು. ಸಮೀಕ್ಷೆಯ ಫಲ ‘ದಿ ಬರ್ಡ್ಸ್ ಆಫ್ ಮೈಸೂರ್’ ಅದೇ ಪತ್ರಿಕೆಯಲ್ಲಿ 1942–43ರಲ್ಲಿ ಕಂತುಗಳಾಗಿ ಬಂತು.

ಆ ಕಾಲದ ಬೆಟ್ಟಕ್ಕೆ ಎರಡು ಸರ್ಕಾರ. ಯಳಂದೂರು ಮೈಸೂರು ಸಂಸ್ಥಾನದ್ದು, ಅದರ ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಸಿಕ್ಕ ಜಹಗೀರು. ಕೊಳ್ಳೇಗಾಲ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1956ರ ಏಕೀಕರಣದವರೆಗೂ ಹೀಗೇ. ಹಾಗಾಗಿ ಈ ಸೀಮೆಯ ಹಳೆಯ ಹಕ್ಕಿ ದಾಖಲೆ ಹುಡುಕುವವರು ಮೈಸೂರಿನ ಕಡತ, ಕೊಯಮತ್ತೂರಿನ ಕಡತ ಎರಡನ್ನೂ ತಿರುವಬೇಕು.

ಶೋಲಕಿಳಿಯ ನೆಲೆಗಳ ಪಟ್ಟಿ ಚಿಕ್ಕದು. ನೀಲಗಿರಿ, ಅದರ ಆಸುಪಾಸಿನ ಎತ್ತರದ ಬೆಟ್ಟಗಳು, ಉತ್ತರದಲ್ಲಿ ಬಾಬಾಬುಡನ್‌ಗಿರಿ. ಪೂರ್ವದ ಅಂಚಿನಲ್ಲಿ ನಮ್ಮ ಬಿಳಿಗಿರಿರಂಗನ ಬೆಟ್ಟ.

ಜಡ್ಡು ನೋಡಿ ಅಣ್ಣತಮ್ಮ ಅನ್ನಬಹುದೇ?

ಇದನ್ನು ಗಿಡ್ಡರೆಕ್ಕೆಯೆಂದು ತಿಳಿದು ಅಷ್ಟು ದೊಡ್ಡ ಪಂಡಿತರು ಅಷ್ಟು ಕಾಲ ಎಡವಿದ್ದು ಹೇಗೆ? ಅವರು ನೋಡಿದ್ದು ತಪ್ಪಲ್ಲ. ಗಿಡ್ಡ ರೆಕ್ಕೆ, ಉದ್ದ ಕಾಲು, ನೆಲದಲ್ಲಿ ಕುಪ್ಪಳಿಸುವ ಅಭ್ಯಾಸ, ಮಬ್ಬು ನೀಲಿ ಬಣ್ಣ ಎಲ್ಲ ಇವೆ. ಹಿಮಾಲಯದ ಗಿಡ್ಡರೆಕ್ಕೆಗಳಿಗೂ ಇವೇ ಲಕ್ಷಣ.

ಆದರೆ ನೇಗಿಲು ಹಿಡಿದವರ ಅಂಗೈಯೆಲ್ಲ ಜಡ್ಡುಗಟ್ಟಿರುತ್ತದೆ. ಕೊಳ್ಳೇಗಾಲದ ರೈತನ ಕೈಯೂ ಪಂಜಾಬಿನ ರೈತನ ಕೈಯೂ ಒಂದೇ ಥರ ಇದ್ದರೆ ಅದು ಕೆಲಸ ಕೊಟ್ಟ ಗುರುತು, ರಕ್ತ ಕೊಟ್ಟದ್ದಲ್ಲ. ಕತ್ತಲ ಕಾಡಿನ ನೆಲದಲ್ಲಿ ಬದುಕುವ ಹಕ್ಕಿಗೆ ಉದ್ದ ರೆಕ್ಕೆ ತೊಡಕು, ಗಟ್ಟಿ ಕಾಲು ಅನುಕೂಲ. ಲಕ್ಷಾಂತರ ವರ್ಷ ಹಾಗೆ ಬಾಳಿದ ಯಾವ ಹಕ್ಕಿಯಾದರೂ ಆ ಆಕಾರಕ್ಕೆ ಬರುತ್ತದೆ.

2005ರಲ್ಲಿ ಪಮೇಲಾ ರಾಸ್ಮುಸೆನ್ ಮತ್ತು ಜಾನ್ ಆಂಡರ್ಟನ್ ತಮ್ಮ ದಕ್ಷಿಣ ಏಷ್ಯಾದ ಹಕ್ಕಿಗಳ ಗ್ರಂಥದಲ್ಲಿ ಎರಡು ಕೆಲಸ ಮಾಡಿದರು. ಸೋದರ ಹಕ್ಕಿಗಳನ್ನು ಎರಡು ಪ್ರತ್ಯೇಕ ಪ್ರಭೇದಗಳೆಂದು ಬೇರ್ಪಡಿಸಿದರು. ಎರಡನ್ನೂ ಗಿಡ್ಡರೆಕ್ಕೆಗಳ ಮನೆಯಿಂದ ಬಿಡಿಸಿ ಮಯೋಮೆಲಾ ಎಂಬ ನೀಲಿ ರಾಬಿನ್‌ಗಳ ಕುಲಕ್ಕೆ ಸೇರಿಸಿದರು. ನಾಲ್ಕನೆಯ ಮನೆ. ಇದೂ ಬಾಡಿಗೆ ಮನೆಯೇ ಆಯಿತು.

ಅಷ್ಟರಲ್ಲಿ ಬೆಂಗಳೂರಿನ ಯುವ ಸಂಶೋಧಕ ವಿ. ವಿ. ರಾಬಿನ್ ಶೋಲಗಳನ್ನು ಒಂದೊಂದಾಗಿ ಹತ್ತತೊಡಗಿದ್ದರು. ತೆಳುಬಲೆಯಲ್ಲಿ ಹಕ್ಕಿ ಹಿಡಿದು, ಒಂದೆರಡು ಹನಿ ರಕ್ತ ತೆಗೆದು, ಕಾಲಿಗೆ ಉಂಗುರ ತೊಡಿಸಿ ಬಿಡುವ ಕೆಲಸ. ಮಳೆ, ಜಿಗಣೆ, ಆನೆ ನಡುವೆ ನಡೆಯುವ ಈ ಕೆಲಸದಲ್ಲಿ ಒಂದು ದಿನಕ್ಕೆ ಒಂದು ಹಕ್ಕಿ ಸಿಕ್ಕರೂ ಸಂತೋಷ. 2010ರಲ್ಲಿ ಅನಿಂದ್ಯ ಸಿನ್ಹಾ ಮತ್ತು ಉಮಾ ರಾಮಕೃಷ್ಣನ್ ಅವರೊಂದಿಗೆ ಅವರು ಪ್ರಕಟಿಸಿದ ಅಧ್ಯಯನ ಒಂದು ವಿಷಯವನ್ನು ಗಟ್ಟಿ ಮಾಡಿತು: ಪಾಲಕ್ಕಾಡ್ ಕಣಿವೆಯ ಆಚೀಚೆಯ ಹಕ್ಕಿಗಳು ಬಹು ಪ್ರಾಚೀನ ಕಾಲದಲ್ಲೇ ಬೇರೆಯಾಗಿವೆ. ಪಶ್ಚಿಮಘಟ್ಟದ ಗೋಡೆಯಲ್ಲಿ ಮೂವತ್ತು ನಲವತ್ತು ಕಿಲೋಮೀಟರ್ ಅಗಲದ ಆ ಬಾಗಿಲನ್ನು ನಾವು ರೈಲಿನಲ್ಲಿ ಅರೆಗಣ್ಣಲ್ಲಿ ದಾಟಿಬಿಡುತ್ತೇವೆ. ಈ ಹಕ್ಕಿಗಳ ಪೂರ್ವಜರು ಅಲ್ಲಿಂದ ಆಚೆ ಹೆಜ್ಜೆ ಇಡಲಿಲ್ಲ.

2017ರಲ್ಲಿ ಕೊನೆಯ ಗಂಟು ಬಿಚ್ಚಿತು. ರಾಬಿನ್, ಸಿ. ಕೆ. ವಿಷ್ಣುದಾಸ್, ಪೂಜಾ ಗುಪ್ತಾ, ಉಮಾ ರಾಮಕೃಷ್ಣನ್, ಸುಷ್ಮಾ ರೆಡ್ಡಿ ಮತ್ತು ಜೊತೆಗಾರರು ವಂಶವಾಹಿಗಳನ್ನು ಏಷ್ಯಾದ ನೆಂಟ ಹಕ್ಕಿಗಳ ಜೊತೆ ಹೋಲಿಸಿದರು. ನಮ್ಮ ಹಕ್ಕಿ ಕೆಂಬಾಲವೂ ಅಲ್ಲ, ಗಿಡ್ಡರೆಕ್ಕೆಯೂ ಅಲ್ಲ, ಮಯೋಮೆಲಾ ಕೂಡ ಅಲ್ಲ. ಅದರ ಹತ್ತಿರದ ನೆಂಟರು ಕೊಂಬೆ ಮೇಲೆ ಕೂತು ಗಾಳಿಯಲ್ಲಿ ನೊಣ ಹಿಡಿಯುವ ನೀಲಿ ನೊಣಹಿಡುಕಗಳು. ಆ ಬಳಗದಿಂದ ಬಹಳ ಹಿಂದೆ ಕವಲೊಡೆದು, ದಕ್ಷಿಣದ ಬೆಟ್ಟಗಳ ನೆಲಕ್ಕಿಳಿದು, ತನ್ನಷ್ಟಕ್ಕೆ ಬೆಳೆದ ಕೊಂಬೆ ಇದು. ಪ್ರಪಂಚದ ಬೇರೆಲ್ಲೂ ಈ ಕೊಂಬೆಯಿಲ್ಲ. ಹಾಗಾಗಿ ಇದಕ್ಕೆ ಹೊಸ ಕುಲವನ್ನೇ ಕಟ್ಟಿದರು: ಶೋಲಿಕೋಲಾ.

| ಅದೇ ಪ್ರಬಂಧ, ಇನ್ನೊಂದು ಮನೆ |
|---|
| 2017ರ ಪ್ರಬಂಧ ಎರಡು ಹೊಸ ಕುಲಗಳನ್ನು ಘೋಷಿಸಿತು. ಎರಡನೆಯದು ಮಾಂಟೆಸಿಂಕ್ಲಾ, ನಗುವಂತೆ ಕೂಗುವ ಲಾಫಿಂಗ್‌ಥ್ರಶ್‌ಗಳದ್ದು. ಬಾಣಾಸುರ, ನೀಲಗಿರಿ, ಪಳನಿ, ಅಶಾಂಬು ಬೆಟ್ಟಗಳಿಗೆ ಒಂದೊಂದು ಪ್ರಭೇದ. ಆ ಪಟ್ಟಿಯಲ್ಲಿ ಬಿಳಿಗಿರಿರಂಗನ ಬೆಟ್ಟವಿಲ್ಲ. ಪಶ್ಚಿಮಘಟ್ಟ ಪೂರ್ವಘಟ್ಟಗಳಿಗೆ ಸೇತುವೆಯಂತಿರುವ ಈ ಬೆಟ್ಟದ ಹಕ್ಕಿಸಂಸಾರದ ವಿಚಿತ್ರಗಳ ಬಗ್ಗೆ 2006ರಲ್ಲೇ ಉಮೇಶ್ ಶ್ರೀನಿವಾಸನ್ ಮತ್ತು ಎನ್. ಎಸ್. ಪ್ರಶಾಂತ್ ಬರೆದಿದ್ದರು. |

ಕಿಳಿ, ಗಿಳಿ, ಕಾನು

ನನಗೆ ಈ ಕತೆಯಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಆ ಹೆಸರೇ. ತಮಿಳಿನ ಸೋಲೈ, ಅಂದರೆ ತೋಪು, ನೆರಳುಗಾಡು. ಅದೇ ಇಂಗ್ಲಿಷರ ಬಾಯಲ್ಲಿ ಶೋಲ ಆಯಿತು. ‘ಕೋಲಾ’ ಲ್ಯಾಟಿನ್ನಿನಲ್ಲಿ ವಾಸಿ. ಶೋಲಿಕೋಲಾ ಎಂದರೆ ಶೋಲವಾಸಿ. ಜನ ಕರೆಯಲಿಕ್ಕೆಂದು ಇಟ್ಟ ಹೆಸರು ಶೋಲಕಿಳಿ. ಮಲಯಾಳದಲ್ಲಿ ಕಿಳಿ ಅಂದರೆ ಯಾವ ಹಕ್ಕಿಯೂ ಆದೀತು. ಅದೇ ಪದ ನಮ್ಮಲ್ಲಿ ಗಿಳಿಯಾಗಿ ಒಂದೇ ಹಸಿರು ಹಕ್ಕಿಗೆ ಮೀಸಲಾಯಿತು.

ಕೆಂಬಾಲದಷ್ಟಿಲ್ಲ, ಗಿಡ್ಡರೆಕ್ಕೆಯ ಹಾಗಿದೆ ಎಂದು ಯಾವಾಗಲೂ ಇನ್ನೊಬ್ಬರ ಅಳತೆಯಲ್ಲಿ ಕರೆಸಿಕೊಂಡ ಹಕ್ಕಿಗೆ ಕೊನೆಗೆ ಅದು ಬದುಕುವ ಜಾಗವೇ ಹೆಸರಾಯಿತು. ಈ ಬೆಟ್ಟದ ಆದಿವಾಸಿ ಸೋಲಿಗರಿಗೆ ಇದು ಹೊಸ ವಿಚಾರವಾಗಲಾರದು. ಅವರು ಕಾಡನ್ನೇ ಒಂದೇ ಹೆಸರಿನಲ್ಲಿ ಕರೆಯುವುದಿಲ್ಲ. ನಾಡುಕಾಡು ಬೇರೆ, ಮಲೆಕಾಡು ಬೇರೆ, ಸದಾ ಹಸಿರಿನ ಒದ್ದೆ ಕಾನುಕಾಡು ಬೇರೆ. ಯಾವ ಪ್ರಾಣಿ, ಯಾವ ಗಡ್ಡೆ, ಯಾವ ಜೇನು ಯಾವ ಕಾಡಿನದೆಂಬುದು ಆ ಹೆಸರಿನಲ್ಲೇ ಅಡಗಿರುತ್ತದೆ. ಸೋಲಿಗರ ಹಕ್ಕಿಜ್ಞಾನದ ಬಗ್ಗೆ ಸಮೀರಾ ಅಗ್ನಿಹೋತ್ರಿ ಮತ್ತು ಭಾಷಾವಿಜ್ಞಾನಿ ಆಂಗ್ ಸಿ 2012ರಲ್ಲಿ ಬರೆದ ಪ್ರಬಂಧ ಓದಿದರೆ, ಕಣ್ಣಿಗಿಂತ ಮೊದಲು ಕಿವಿಯಿಂದ ಹಕ್ಕಿಯನ್ನು ಗುರುತಿಸುವ ಜನ ಇವರು ಎಂದು ತಿಳಿಯುತ್ತದೆ. ಕೂಗನ್ನೇ ಹೆಸರಾಗಿಸಿದ ಹಕ್ಕಿಗಳು ಅವರಲ್ಲಿ ಹಲವು.

ನನ್ನದೊಂದು ಆಸೆ ಇದೆ. ಕನ್ನಡದ ಹಕ್ಕಿ ಪುಸ್ತಕಗಳು ಇದನ್ನು ನೀಲಗಿರಿಯ ಹೆಸರಿನಲ್ಲಷ್ಟೇ ಕರೆಯದೆ, ಈ ಬೆಟ್ಟದ ಮಾತಿನಲ್ಲಿ ‘ಕಾನುಹಕ್ಕಿ’ ಎಂದೂ ಕರೆಯಲಿ. ಹೆಸರು ಕೇಳಿದ ಮಗುವಿಗೆ ಅದನ್ನು ಎಲ್ಲಿ ಹುಡುಕಬೇಕೆಂದು ಆಗಲೇ ಗೊತ್ತಾಗಿರುತ್ತದೆ.

ಎಣಿಕೆ ಬದಲಾದಾಗ

ಹೆಸರು ಬದಲಾದರೆ ಹಕ್ಕಿಗೇನು ಬಂತು ಎಂದು ಕೇಳುವವರಿದ್ದಾರೆ. ಬಂದದ್ದು ಬಹಳ. ಎರಡೂ ಸೋದರ ಹಕ್ಕಿಗಳು ಒಂದೇ ಪ್ರಭೇದವಾಗಿದ್ದಾಗ ನಕ್ಷೆಯಲ್ಲಿ ಅದರ ನೆಲೆ ಬಾಬಾಬುಡನ್‌ಗಿರಿಯಿಂದ ಕೇರಳದ ತುದಿಯ ಬೆಟ್ಟಗಳವರೆಗೆ ಹಬ್ಬಿದಂತೆ ಕಾಣುತ್ತಿತ್ತು. ಅಷ್ಟು ಉದ್ದಕ್ಕೂ ಇದೆ, ಚಿಂತೆಯಿಲ್ಲ ಎಂದು ಯಾರಾದರೂ ಅಂದುಕೊಳ್ಳಬಹುದಿತ್ತು. ಬೇರ್ಪಡಿಸಿದ ಮೇಲೆ ಪಾಲಕ್ಕಾಡಿನ ಉತ್ತರದ್ದೆಲ್ಲ ಒಂದು, ದಕ್ಷಿಣದ್ದು ಇನ್ನೊಂದು. ಒಬ್ಬೊಬ್ಬರ ಆಸ್ತಿಯೂ ಎಷ್ಟು ಸಣ್ಣದೆಂದು ಆಗ ಗೊತ್ತಾಯಿತು. ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ನಮ್ಮ ನೀಲಗಿರಿ ಶೋಲಕಿಳಿ ಈಗ ಅಳಿವಿನಂಚಿನಲ್ಲಿರುವ ಹಕ್ಕಿ. ನೀಲಗಿರಿಯ ಶೋಲ, ಹುಲ್ಲುಗಾವಲುಗಳನ್ನು ಚಹಾ, ನೀಲಗಿರಿ ಮರ, ವ್ಯಾಟಲ್ ತೋಪುಗಳು ನುಂಗಿದ ಮೇಲೆ ಉಳಿದ ತುಣುಕುಗಳಲ್ಲಿ ಅದು ಬದುಕಿದೆ.

ತುಣುಕಾಗುವುದು ಹಾಡಿಗೂ ತಗಲುತ್ತದೆ. ಶೋಲದ ಈ ಹಕ್ಕಿಗಳ ಹಾಡನ್ನು ಧ್ವನಿಮುದ್ರಿಸಿ ಚೇತನಾ ಪುರುಷೋತ್ತಮ್ ಮತ್ತು ರಾಬಿನ್ 2016ರಲ್ಲಿ ತೋರಿಸಿದ್ದು ಇದನ್ನೇ. ಪ್ರಾಚೀನ ಕಣಿವೆಗಳಿಂದ ಬೇರೆಯಾದ ಹಕ್ಕಿಗಳ ಹಾಡುಗಳಲ್ಲಿ ಒಂದು ಬಗೆಯ ವ್ಯತ್ಯಾಸ, ಮೊನ್ನೆ ಮೊನ್ನೆ ಕಾಡು ಕಡಿದದ್ದರಿಂದ ಬೇರೆಯಾದವುಗಳಲ್ಲಿ ಇನ್ನೊಂದು ಬಗೆ. ಮನುಷ್ಯನ ಕೊಡಲಿಯ ಗುರುತು ಹಕ್ಕಿಯ ಗಂಟಲಲ್ಲಿ ಕೇಳಿಸುತ್ತದೆಂದರೆ ಮೈ ಜುಮ್ಮೆನ್ನುತ್ತದೆ.

ಬಿಳಿಗಿರಿರಂಗನ ಬೆಟ್ಟ ನೀಲಗಿರಿಗಿಂತ ಸುರಕ್ಷಿತ. 1974ರಲ್ಲಿ ಅಭಯಾರಣ್ಯವಾಯಿತು, 1987ರಲ್ಲಿ ವಿಸ್ತಾರವಾಯಿತು, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶ. ಅದೇ 2011ರಲ್ಲಿ ಸೋಲಿಗರ ಸಮುದಾಯ ಅರಣ್ಯ ಹಕ್ಕಿಗೂ ಮನ್ನಣೆ ಸಿಕ್ಕಿತು. ಹುಲಿ ಕಾಡೊಂದರಲ್ಲಿ ಅದು ದೇಶಕ್ಕೇ ಮೊದಲು. ಆದರೆ ಬೇಲಿ ಹಾಕಿದ ಮಾತ್ರಕ್ಕೆ ಲಂಟಾನ ಕಳೆ ನಿಲ್ಲುವುದಿಲ್ಲ. ಹನ್ನೊಂದು ವರ್ಷಗಳ ಅಂತರದಲ್ಲಿ, 1997ರಿಂದ 2008ರೊಳಗೆ, ಅದು ಆವರಿಸಿದ ಜಾಗ ಸುಮಾರು ದುಪ್ಪಟ್ಟಾದದ್ದನ್ನು ಏಟ್ರೀ ಸಂಸ್ಥೆಯ ಸಂಶೋಧಕರು ಇಲ್ಲಿಯೇ ಅಳೆದಿದ್ದಾರೆ. ಬೇಸಿಗೆಯ ಮೊದಲಲ್ಲೇ ತೆಳ್ಳಗೆ ಹಾಕುತ್ತಿದ್ದ ತರಗುಬೆಂಕಿ ನಿಂತದ್ದೇ ಇದಕ್ಕೆ ಕಾರಣ ಎಂಬುದು ಸೋಲಿಗ ಹಿರಿಯರ ಮಾತು. ನನಗೆ ಅದು ತಳ್ಳಿಹಾಕುವಂಥದ್ದೆಂದು ಅನಿಸಿಲ್ಲ. ಲಂಟಾನಕ್ಕೆ ಬೆಳಕು ಬೇಕು. ಕಾನಿನ ಒಡಲಲ್ಲಿ ನೆರಳು ದಟ್ಟವಿದ್ದಷ್ಟು ಕಾಲ ಅದಕ್ಕೆ ಒಳದಾರಿ ಇಲ್ಲ. ಒಂದು ಮರ ಉರುಳಿದರೆ, ಒಂದು ರಸ್ತೆ ಅಗಲವಾದರೆ ಅಂಚಿನಿಂದ ನುಗ್ಗುತ್ತದೆ.

ಮರಿ ಮಾಡುವ ಕಾಲವೂ ನಮ್ಮ ರಜೆಯ ಕಾಲವೂ ಒಂದೇ. ಏಪ್ರಿಲ್, ಮೇ ತಿಂಗಳಲ್ಲಿ ರಂಗನಾಥನ ದರ್ಶನಕ್ಕೆ ಬರುವ ವಾಹನಗಳು ಬೆಟ್ಟದ ಹಾದಿಯನ್ನು ತುಂಬುತ್ತವೆ. ರಂಗಪ್ಪ ಸೋಲಿಗರ ಹುಡುಗಿ ಕುಸುಮಾಲೆಯ ಕೈಹಿಡಿದವನು, ಹಾಗಾಗಿ ಸೋಲಿಗರಿಗೆ ಭಾವ. ಭಾವನ ಮನೆಗೆ ಬರುವವರನ್ನು ಬೇಡವೆನ್ನಲು ನಾವು ಯಾರು! ಕಾನು ಹಾದಿಯ ತಿರುವುಗಳಲ್ಲಿ ಹಾರ್ನ್ ಹೊಡೆಯದೆ, ಹಾಡು ಹಾಕದೆ ಹೋದರೆ ಸಾಕು.

ಆವತ್ತು ಏಳು ಗಂಟೆಯ ಹೊತ್ತಿಗೆ ಕೂಲಿಯವರನ್ನು ತುಂಬಿಕೊಂಡ ತೋಟದ ಜೀಪು ಬಂತು. ಅದರ ಸದ್ದು ಕೇಳುವ ಮೊದಲೇ ಹಕ್ಕಿ ಹಾಡು ನಿಲ್ಲಿಸಿತ್ತು. ಜೀಪು ತಿರುವು ದಾಟಿತು, ಹೊಗೆ ಮಂಜಿನಲ್ಲಿ ಕರಗಿತು. ದಿಬ್ಬದಿಂದ ಮಣ್ಣಿನ ಒಂದು ಹೆಂಟೆ ಜಾರಿ ರಸ್ತೆಗೆ ಬಿತ್ತು. ಅದು ಬಿಟ್ಟ ಜಾಗದಲ್ಲಿ ಮುಷ್ಟಿಯಷ್ಟು ಬಿಲ, ಬಾಯಲ್ಲಿ ಹಸಿ ಪಾಚಿಯ ಎಳೆ. ಹತ್ತಿರ ಹೋಗಲಿಲ್ಲ. ಹತ್ತು ಹೆಜ್ಜೆ ಹಿಂದಕ್ಕೆ ಸರಿದು, ಕಲ್ಲಿನ ಮೇಲೆ ಕೂತು ಮತ್ತೆ ಕಿವಿಗೊಟ್ಟೆವು.